ಪಿಂಪ್ರಿ-ಚಿಂಚವಡ: ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಮಹಾನಗರ

ಪುಣೆಯಿಂದ ಮುಂಬಯಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಸುಮಾರು ಮೂವತ್ತೈದು ಕಿಲೋಮೀಟರು ಸಾಗಿದರೆ ತಳೇಗಾಂವ ಸಿಗುತ್ತದೆ. ಅಲ್ಲಿನ ಒಂದು ಕಾರು ಕಾರ್ಖಾನೆಯನ್ನು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 2008ರಲ್ಲಿ ಆರಂಭಿಸಿತು. 2017ರಲ್ಲಿ ಆ ಸಂಸ್ಥೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. 2020ರ ಕೊನೆಗೆ ರಫ್ತಿಗಾಗಿ ನಡೆಯುತ್ತಿದ್ದ ತಯಾರಿಕೆಯೂ ನಿಂತಿತು. ಬೀಗ ಬಿದ್ದಿದ್ದ ಆ ಕಾರ್ಖಾನೆಯನ್ನು ಕೊಳ್ಳಲು ದಕ್ಷಿಣ ಕೊರಿಯಾದ ಹ್ಯುಂಡೈ ಸಂಸ್ಥೆ 2023ರ ಆಗಸ್ಟ್‌ನಲ್ಲಿ ಒಪ್ಪಂದ ಮಾಡಿಕೊಂಡು, 2024ರ ಜನವರಿಯಲ್ಲಿ ವಶಕ್ಕೆ ತೆಗೆದುಕೊಂಡಿತು. 2025ರ ಅಕ್ಟೋಬರ್‌ನಿಂದ ಅಲ್ಲಿ ಕೊರಿಯಾದ ಕಾರುಗಳು ಸಿದ್ಧವಾಗಿ ಹೊರಬೀಳತೊಡಗಿದವು.

ಈ ಸುದ್ದಿಯನ್ನು ಪತ್ರಿಕೆಗಳು ಬಂಡವಾಳ ಮತ್ತು ಉದ್ಯೋಗಗಳ ಲೆಕ್ಕದಲ್ಲಿ ಬರೆದವು. ಅದು ತಪ್ಪಲ್ಲ. ಆದರೆ ತಳೇಗಾಂವಕ್ಕೆ ಹೋಗುವ ದಾರಿಯಲ್ಲಿ ಪಿಂಪ್ರಿ, ಚಿಂಚವಡ, ಆಕುರ್ಡಿ, ನಿಗಡಿಗಳನ್ನು ದಾಟುವಾಗ ನಮಗೆ ಬೇರೊಂದು ವಿಚಾರ ಹೊಳೆಯುತ್ತದೆ. ಕಾರ್ಖಾನೆ ಬರುವುದು, ಅದರ ಸುತ್ತ ಊರು ಬೆಳೆಯುವುದು, ಮುಂದೊಮ್ಮೆ ಕಾರ್ಖಾನೆ ಹೊರಟುಹೋದರೂ ಊರು ಉಳಿಯುವುದು: ಈ ಮೂರೂ ಅಂಕಗಳನ್ನು ಪಿಂಪ್ರಿ-ಚಿಂಚವಡ ಈಗಾಗಲೇ ಕಂಡಿದೆ. ನಮ್ಮ ಓದುಗರಲ್ಲಿ ಅನೇಕ ಕುಟುಂಬಗಳು ಎರಡು-ಮೂರು ತಲೆಮಾರುಗಳಿಂದ ಇಲ್ಲಿಯೇ ನೆಲೆಸಿವೆ. ಹಾಗಿದ್ದೂ ನೆಂಟರಿಷ್ಟರು ಕೇಳಿದರೆ ನಾವು ಹೇಳುವುದು 'ಪುಣೆಯಲ್ಲಿದ್ದೇವೆ' ಎಂದೇ. ಈ ನಗರ ಬೆಳೆದದ್ದು ಹೇಗೆ, ಯಾರ ನೆಲದ ಮೇಲೆ, ಯಾರ ನೀರು ಕುಡಿದು ಎಂಬುದನ್ನು ಒಮ್ಮೆ ಕುಳಿತು ಯೋಚಿಸುವುದು ಈಗ ಉಚಿತವೆಂದು ನಮಗೆ ತೋರುತ್ತದೆ.

ಕಾರ್ಖಾನೆಗಿಂತ ಮುಂಚಿನ ಊರು

ಪಿಂಪ್ರಿ-ಚಿಂಚವಡಕ್ಕೆ ಇತಿಹಾಸವೇ ಇಲ್ಲ, ಅದು ಬರೀ ಕಾರ್ಖಾನೆಗಳ ಊರು ಎಂಬ ಮಾತನ್ನು ಪುಣೆಯ ಹಳೆಯ ಪೇಟೆಗಳಲ್ಲಿ ಆಗಾಗ ಕೇಳುತ್ತೇವೆ. ಇದು ನಿಜವಲ್ಲ. ಪವನಾ ನದಿಯ ದಡದಲ್ಲಿರುವ ಚಿಂಚವಡವು ಗಾಣಪತ್ಯ ಸಂತ ಮೋರಯಾ ಗೋಸಾವಿಯವರ ಸಮಾಧಿಸ್ಥಳ. ಗಣೇಶೋತ್ಸವದಲ್ಲಿ ಮೊಳಗುವ 'ಗಣಪತಿ ಬಪ್ಪಾ ಮೋರಯಾ' ಎಂಬ ಘೋಷದ ಮೋರಯಾ ಇವರೇ ಎಂಬುದು ಬಹುಜನರ ನಂಬಿಕೆ. ಇವರ ಮನೆತನ ಬೀದರಿನಿಂದ ಬಂದದ್ದೆಂದು ಒಂದು ಐತಿಹ್ಯ ಹೇಳುತ್ತದೆ. ಆ ಐತಿಹ್ಯವನ್ನು ಒಪ್ಪುವುದಾದರೆ, ಕನ್ನಡ ನಾಡಿನ ಕಡೆಯಿಂದ ಬಂದು ಈ ನೆಲದಲ್ಲಿ ಬೇರುಬಿಟ್ಟವರ ಪರಂಪರೆ ಯಾವ ಕಾರ್ಖಾನೆಗಿಂತಲೂ ಹಳೆಯದು.

1897ರ ಜೂನ್ 22ರ ರಾತ್ರಿ ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಮೇಲೆ ಗುಂಡು ಹಾರಿಸಿದ ಚಾಪೇಕರ ಸಹೋದರರು ಚಿಂಚವಡದವರೇ. ಒಂದು ಬದಿಗೆ ತುಕಾರಾಮರ ದೇಹು, ಇನ್ನೊಂದು ಬದಿಗೆ ಜ್ಞಾನೇಶ್ವರರ ಆಳಂದಿ. ನಡುವೆ ಪವನಾ ಮತ್ತು ಇಂದ್ರಾಯಣಿ ನದಿಗಳು. ಆಷಾಢದ ವಾರಿಯಲ್ಲಿ ತುಕಾರಾಮರ ಪಾಲಕಿ ದೇಹುವಿನಿಂದ ಹೊರಟು ಆಕುರ್ಡಿಯಲ್ಲಿ ತಂಗಿ ಪುಣೆಗೆ ಸಾಗುವ ಪದ್ಧತಿ ಇಂದಿಗೂ ನಡೆದುಬಂದಿದೆ. 1858ರಲ್ಲಿ ಮುಂಬಯಿ ಕಡೆಯ ರೈಲು ಪುಣೆ ಮುಟ್ಟಿದಾಗ ಹಳಿಗಳು ಈ ಹಳ್ಳಿಗಳ ಮಗ್ಗುಲಲ್ಲೇ ಹಾದುಹೋದವು. ಆದರೂ ಮುಂದಿನ ತೊಂಬತ್ತು ವರ್ಷ ಇವು ಜೋಳ-ಸಜ್ಜೆ ಬೆಳೆಯುವ ಹಳ್ಳಿಗಳಾಗಿಯೇ ಉಳಿದವು.

ಪೆನಿಸಿಲಿನ್, ಸ್ಕೂಟರು, ಲಾರಿ

ಬದಲಾವಣೆ ಆರಂಭವಾದದ್ದು ಸ್ವಾತಂತ್ರ್ಯದ ನಂತರ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡ ಸಿಂಧಿ ಕುಟುಂಬಗಳಿಗೆ ಪಿಂಪ್ರಿಯಲ್ಲಿ ನೆಲೆ ಕಲ್ಪಿಸಲಾಯಿತು. ಇಂದಿನ ಪಿಂಪ್ರಿ ಕ್ಯಾಂಪಿನ ಗಿಜಿಗುಡುವ ಮಾರುಕಟ್ಟೆ ಹುಟ್ಟಿದ್ದು ಹಾಗೆ. 1954ರಲ್ಲಿ ಕೇಂದ್ರ ಸರ್ಕಾರ ಇಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ನಿಂತ ಈ ಕಾರ್ಖಾನೆಯಲ್ಲಿ 1955ರಿಂದ ಪೆನಿಸಿಲಿನ್ ತಯಾರಾಗತೊಡಗಿತು. ಅಂದಿನವರೆಗೆ ಹೊರದೇಶದಿಂದ ದುಬಾರಿ ಬೆಲೆಗೆ ಬರುತ್ತಿದ್ದ ಜೀವರಕ್ಷಕ ಔಷಧ ಪಿಂಪ್ರಿಯ ಹೆಸರು ಹೊತ್ತು ದೇಶದ ಆಸ್ಪತ್ರೆಗಳಿಗೆ ಹೋಯಿತು.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯವಾಯಿತು. ಮುಂಬಯಿಯೊಳಗೆ ಕಿಕ್ಕಿರಿದ ಉದ್ಯಮಗಳನ್ನು ಹೊರಕ್ಕೆ ಹರಡಬೇಕೆಂಬುದು ಹೊಸ ಸರ್ಕಾರದ ಧೋರಣೆಯಾಗಿತ್ತು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಪುಣೆಯ ನದೀತೀರದ ಪೇಟೆಗಳು ಕೊಚ್ಚಿಹೋದಾಗ ಪುಣೆ ನಗರವೂ ಹೊರಕ್ಕೆ ಹರಡಲೇಬೇಕಾಯಿತು. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ, ಅಂದರೆ ನಾವೆಲ್ಲ ಎಂಐಡಿಸಿ ಎಂದು ಕರೆಯುವ ಸಂಸ್ಥೆ, ಹುಟ್ಟಿತು. ಅದು ಪಿಂಪ್ರಿ, ಚಿಂಚವಡ, ಭೋಸರಿಗಳ ಹೊಲಗಳನ್ನು ವಶಪಡಿಸಿಕೊಂಡು, ರಸ್ತೆ ಮಾಡಿ, ನೀರು-ವಿದ್ಯುತ್ ತಂದು, ನಿವೇಶನಗಳಾಗಿ ಹಂಚಿತು.

ಉದ್ಯಮಗಳು ಇಲ್ಲಿಗೇ ಏಕೆ ಬಂದವು? ಮುಂಬಯಿ ಬಂದರಿಗೆ ರೈಲೂ ಹೆದ್ದಾರಿಯೂ ಮನೆಬಾಗಿಲಲ್ಲೇ ಇದ್ದವು. ಪವನೆಯ ನೀರು ಹತ್ತಿರವಿತ್ತು. ಸಮತಟ್ಟಾದ ಭೂಮಿ ಅಗ್ಗವಾಗಿ ಸಿಗುತ್ತಿತ್ತು. ಪುಣೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಕಲಿತವರು ಹೊರಬರುತ್ತಿದ್ದರು. ಬಜಾಜ್ ಆಟೋ 1960ರ ದಶಕದ ಆರಂಭದಲ್ಲಿ ಆಕುರ್ಡಿಯಲ್ಲಿ ಸ್ಕೂಟರುಗಳನ್ನು ಮಾಡತೊಡಗಿತು. 1966ರಲ್ಲಿ ಟೆಲ್ಕೋ, ಅಂದರೆ ಇಂದಿನ ಟಾಟಾ ಮೋಟಾರ್ಸ್, ಪಿಂಪ್ರಿಗೆ ಬಂತು. ಸುಮಂತ ಮೂಳಗಾಂವಕರ ಅವರ ಮುಂದಾಳುತನದಲ್ಲಿ ಆ ಬೋಳು ನೆಲದಲ್ಲಿ ಕಾರ್ಖಾನೆಯ ಜೊತೆಗೆ ಗಿಡಮರಗಳೂ ಕೆರೆಯೂ ಎದ್ದವು. ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಾವಿರಾರು ಚಿಕ್ಕ ಶೆಡ್ಡುಗಳು ಭೋಸರಿ, ಚಿಂಚವಡಗಳಲ್ಲಿ ತಲೆಯೆತ್ತಿದವು. ಈ ನಗರದ ನಿಜವಾದ ಬೆನ್ನೆಲುಬು ಈ ಶೆಡ್ಡುಗಳೆಂದರೆ ಉತ್ಪ್ರೇಕ್ಷೆಯಾಗಲಾರದು.

ಕನ್ನಡಿಗರು ಬಂದ ಬಗೆ

ಧಾರವಾಡ, ಬೆಳಗಾವಿ, ವಿಜಾಪುರ, ಬಾಗಲಕೋಟೆ ಕಡೆಯ ಐಟಿಐ, ಡಿಪ್ಲೊಮಾ ಓದಿದ ಯುವಕರು ಈ ಕಾರ್ಖಾನೆಗಳಿಗೆ ಬಂದರು. ಕರಾವಳಿಯವರು ಪಾಳಿ ಮುಗಿಸಿ ಬರುವ ಕಾರ್ಮಿಕರಿಗೆ ಇಡ್ಲಿ-ವಡೆ, ರೈಸ್‌ಪ್ಲೇಟು ಬಡಿಸುವ ಹೊಟೇಲುಗಳನ್ನು ತೆರೆದರು. ಕಲಬುರ್ಗಿ, ಯಾದಗಿರಿ ಕಡೆಯವರು ಕಟ್ಟಡ ಕೆಲಸಕ್ಕೆ ಬಂದು, ತಾವು ಕಟ್ಟಿದ ಮನೆಗಳಲ್ಲಿ ತಾವೇ ವಾಸಿಸಲಾಗದೆ ಪತ್ರಾಸಿನ ಶೆಡ್ಡುಗಳಲ್ಲಿ ಉಳಿದರು. ಮೊದಲಿನ ಎರಡು ವರ್ಗದವರ ಬಗ್ಗೆ ನಮ್ಮ ಸಭೆ-ಸಮಾರಂಭಗಳಲ್ಲಿ ಹೆಮ್ಮೆಯಿಂದ ಮಾತನಾಡುತ್ತೇವೆ. ಮೂರನೆಯ ವರ್ಗದವರನ್ನು ನೆನೆಯುವುದು ಕಡಿಮೆ.

ಈ ನಗರದ ಕಥೆಯಲ್ಲಿ ಕನ್ನಡದ ಹೆಣ್ಣುಮಗಳೊಬ್ಬರ ಅಧ್ಯಾಯವೂ ಇದೆ. ಟೆಲ್ಕೋದ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲವೆಂದು ಬರೆದದ್ದನ್ನು ಪ್ರಶ್ನಿಸಿ ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆಕಾರ್ಡು ಬರೆದ ಹುಬ್ಬಳ್ಳಿಯ ಸುಧಾ ಕುಲಕರ್ಣಿ, 1974ರಲ್ಲಿ ಅದೇ ಟೆಲ್ಕೋದಲ್ಲಿ ಎಂಜಿನಿಯರಾಗಿ ಪುಣೆಗೆ ಬಂದರು. ಮುಂದೆ ಸುಧಾ ಮೂರ್ತಿಯಾದ ಅವರ ಕುಟುಂಬದ ಬೆಂಬಲದೊಡನೆ ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲೇ ನೋಂದಣಿಯಾಗಿ, 1983ರಲ್ಲಿ ಬೆಂಗಳೂರಿಗೆ ಹೋಯಿತು. ಅದೇ ಸಂಸ್ಥೆ ಮುಂದೆ ನಗರದ ಮಗ್ಗುಲ ಹಿಂಜವಡಿಯಲ್ಲಿ ದೊಡ್ಡ ಆವರಣವನ್ನೇ ಕಟ್ಟಿತು. ತಂದೆ ಟೆಲ್ಕೋದಲ್ಲಿ, ಮಗ ಹಿಂಜವಡಿಯಲ್ಲಿ ಎಂಬುದು ನಮ್ಮ ಎಷ್ಟೋ ಮನೆಗಳ ಕಥೆ.

ನಾಲ್ಕು ಹಳ್ಳಿಗಳಿಂದ ಮಹಾನಗರಕ್ಕೆ

ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿ ಎಂಬ ನಾಲ್ಕು ಹಳ್ಳಿಗಳನ್ನು ಸೇರಿಸಿ 1970ರ ಮಾರ್ಚ್ 4ರಂದು ನಗರಪಾಲಿಕೆ ರಚಿಸಲಾಯಿತು. ಕಾರ್ಮಿಕರಿಗೆ ಯೋಜಿತ ವಸತಿ ಒದಗಿಸಲು 1972ರಲ್ಲಿ ನವನಗರ ವಿಕಾಸ ಪ್ರಾಧಿಕರಣ ಸ್ಥಾಪನೆಯಾಯಿತು. ನಿಗಡಿಯ ಅಗಲವಾದ ರಸ್ತೆಗಳು, ಸೆಕ್ಟರುಗಳು, ಉದ್ಯಾನಗಳು ಅದರ ಫಲ. 99 ವರ್ಷಗಳ ಗುತ್ತಿಗೆಯ ಮೇಲೆ ನಿವೇಶನ ಪಡೆದು ಮನೆ ಕಟ್ಟಿಕೊಂಡವರಲ್ಲಿ ನಮ್ಮವರೂ ಸಾಕಷ್ಟಿದ್ದಾರೆ. 1982ರ ಅಕ್ಟೋಬರ್ 11ರಂದು ಮಹಾನಗರಪಾಲಿಕೆ ಬಂತು. 1997ರಲ್ಲಿ ಇನ್ನೂ ಹಲವು ಹಳ್ಳಿಗಳು ಸೇರಿದವು.

ಜನಗಣತಿಯ ಅಂಕಿಗಳೇ ಬೆಳವಣಿಗೆಯ ವೇಗವನ್ನು ಹೇಳುತ್ತವೆ. 1971ರಲ್ಲಿ ಸುಮಾರು 83 ಸಾವಿರವಿದ್ದ ಜನಸಂಖ್ಯೆ 1991ಕ್ಕೆ 5 ಲಕ್ಷ ದಾಟಿತು. 2001ಕ್ಕೆ 10 ಲಕ್ಷ. 2011ಕ್ಕೆ 17 ಲಕ್ಷಕ್ಕೂ ಮಿಗಿಲು. ನಲವತ್ತು ವರ್ಷಗಳಲ್ಲಿ ಇಪ್ಪತ್ತು ಪಟ್ಟು! ಹೊಸ ಹಳ್ಳಿಗಳ ಸೇರ್ಪಡೆಯನ್ನು ಗಣನೆಗೆ ತೆಗೆದುಕೊಂಡರೂ ಇದು ಅಸಾಧಾರಣವೇ.

ಇಷ್ಟು ವೇಗದ ಖರ್ಚನ್ನು ನಗರ ಭರಿಸಿದ್ದು ಹೇಗೆ? ಉತ್ತರ ಜಕಾತಿಯಲ್ಲಿದೆ. ನಗರದ ಗಡಿಯೊಳಗೆ ಬರುವ ಪ್ರತಿಯೊಂದು ಲಾರಿ ಉಕ್ಕು, ರಬ್ಬರು, ಬಣ್ಣಕ್ಕೂ ಕಾರ್ಖಾನೆಗಳು ಸುಂಕ ಕಟ್ಟಬೇಕಿತ್ತು. ಬೇರೆ ನಗರಗಳು ಸಾಲ ಮಾಡಿ ಕಟ್ಟಿದ ಮೇಲ್ಸೇತುವೆಗಳನ್ನು ಈ ನಗರ ಸ್ವಂತ ಹಣದಿಂದ ಕಟ್ಟುವಷ್ಟು ಶ್ರೀಮಂತವಾಯಿತು. 2013ರಲ್ಲಿ ಜಕಾತಿಯ ಬದಲು ಸ್ಥಳೀಯ ಸಂಸ್ಥಾ ಕರ ಬಂತು. ಅದೂ ಹೋಗಿ 2017ರಲ್ಲಿ ಜಿಎಸ್‌ಟಿ ಬಂತು. ಅಲ್ಲಿಗೆ ಕಾರ್ಖಾನೆಗೂ ನಗರದ ಬೊಕ್ಕಸಕ್ಕೂ ಇದ್ದ ನೇರ ಕೊಂಡಿ ಕಳಚಿತು. ನಗರವೀಗ ರಾಜ್ಯ ಸರ್ಕಾರ ಕೊಡುವ ಪರಿಹಾರವನ್ನೂ ನಾಗರಿಕರ ಆಸ್ತಿ ತೆರಿಗೆಯನ್ನೂ ನೆಚ್ಚಿಕೊಳ್ಳಬೇಕಾಗಿದೆ. ಅಂದರೆ ನಗರವನ್ನು ನಡೆಸುವ ಹೊಣೆ ಕಾರ್ಖಾನೆಯಿಂದ ಮನೆಯ ಕಡೆಗೆ ಸರಿದಿದೆ. ಇದನ್ನು ನಾವು ಗಮನಿಸಬೇಕು.

ಕಾರ್ಖಾನೆಗಳೂ ಮೊದಲಿನಂತೆ ಉಳಿದಿಲ್ಲ. ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1990ರ ದಶಕದಿಂದ ನಷ್ಟದ ಸುಳಿಗೆ ಸಿಕ್ಕಿತು. ಚಾಕಣದಲ್ಲಿ ಹೊಸ ಘಟಕ ತೆರೆದ ಬಜಾಜ್, 2007ರ ಸೆಪ್ಟೆಂಬರ್‌ನಲ್ಲಿ ಆಕುರ್ಡಿಯ ವಾಹನ ತಯಾರಿಕೆಯನ್ನು ನಿಲ್ಲಿಸಿತು. ಹೊಸ ಬಂಡವಾಳವೆಲ್ಲ ಚಾಕಣ, ತಳೇಗಾಂವಗಳತ್ತ ಹರಿಯಿತು.

ಕೊರಿಯಾದ ಎರಡು ನಗರಗಳು

ಹ್ಯುಂಡೈ ಬಂದ ನಾಡಿನಲ್ಲಿಯೂ ಇಂಥ ಉಪನಗರಗಳಿವೆ. ರಾಜಧಾನಿ ಸೋಲ್‌ನ ನೈಋತ್ಯಕ್ಕಿರುವ ಆನ್ಸಾನ್ ಪಿಂಪ್ರಿ-ಚಿಂಚವಡದ ಒಡಹುಟ್ಟಿದಂತಿದೆ. ಸೋಲ್‌ನೊಳಗಿನ ಚಿಕ್ಕ ಕಾರ್ಖಾನೆಗಳನ್ನು ಹೊರಕ್ಕೆ ಸಾಗಿಸಲು ಅಲ್ಲಿನ ಸರ್ಕಾರ 1977ರಲ್ಲಿ ಬನ್ವೋಲ್ ಎಂಬಲ್ಲಿ ಕೈಗಾರಿಕಾ ನವನಗರ ಕಟ್ಟಲಾರಂಭಿಸಿತು. 1986ರಲ್ಲಿ ಅದು ಆನ್ಸಾನ್ ನಗರವಾಯಿತು. 1988ರಲ್ಲಿಯೇ ಸೋಲ್ ಕಡೆಯ ಮೆಟ್ರೋ ಜಾಲದ ರೈಲು ಅಲ್ಲಿಗೆ ಮುಟ್ಟಿತು. ನಗರವಾದ ಎರಡೇ ವರ್ಷಕ್ಕೆ! ನಮ್ಮಲ್ಲಿ ಲೋಣಾವಳ ಲೋಕಲ್ ಇತ್ತೆಂಬುದು ನಿಜ. ಆದರೆ ಮಹಾನಗರಪಾಲಿಕೆಯಾದದ್ದು 1982ರಲ್ಲಿ, ಪಿಂಪ್ರಿಯಿಂದ ಫುಗೇವಾಡಿಗೆ ಮೆಟ್ರೋ ಓಡಿದ್ದು 2022ರ ಮಾರ್ಚ್ 6ರಂದು. ಅದು ಸ್ವಾರಗೇಟು ಮುಟ್ಟಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಆನ್ಸಾನ್ ತಪ್ಪೇ ಮಾಡಲಿಲ್ಲವೆಂದಲ್ಲ. ಪಕ್ಕದ ಸಮುದ್ರದ ಕೊಲ್ಲಿಗೆ 1994ರಲ್ಲಿ ಗೋಡೆ ಕಟ್ಟಿ ಸಿಹಿನೀರಿನ ಸಿಹ್ವಾ ಸರೋವರ ಮಾಡಹೊರಟರು. ಕಾರ್ಖಾನೆಗಳ ಮತ್ತು ಊರಿನ ಕೊಳಕು ಸೇರಿ ಆ ನೀರು ನಾರತೊಡಗಿತು, ಮೀನುಗಳು ಸತ್ತವು, ಜನ ದನಿಯೆತ್ತಿದರು. ಸರ್ಕಾರ ತನ್ನ ಯೋಜನೆಯನ್ನು ಕೈಬಿಟ್ಟು ಮತ್ತೆ ಸಮುದ್ರದ ನೀರನ್ನು ಒಳಬಿಟ್ಟಿತು. 2011ರಲ್ಲಿ ಅದೇ ಗೋಡೆಯಲ್ಲಿ 254 ಮೆಗಾವಾಟಿನ ಉಬ್ಬರವಿಳಿತದ ವಿದ್ಯುದಾಗಾರ ಕೆಲಸ ಆರಂಭಿಸಿತು. ತಪ್ಪನ್ನು ಒಪ್ಪಿಕೊಂಡದ್ದರಿಂದ ನೀರೂ ಉಳಿಯಿತು, ವಿದ್ಯುತ್ತೂ ಬಂತು.

ಸೋಲ್‌ನ ಆಗ್ನೇಯಕ್ಕಿರುವ ಸೊಂಗ್ನಮ್ ನಗರದ ಆರಂಭ ಇನ್ನೂ ಕಹಿಯಾದದ್ದು. ರಾಜಧಾನಿಯ ಗುಡಿಸಲುವಾಸಿಗಳನ್ನು ಎಬ್ಬಿಸಿ, ಸರಿಯಾದ ನೀರು, ಉದ್ಯೋಗ ಒಂದೂ ಇಲ್ಲದ ಗುಡ್ಡಗಳಲ್ಲಿ ತಂದು ಬಿಡಲಾಯಿತು. 1971ರ ಆಗಸ್ಟ್ 10ರಂದು ಆ ಜನ ದಂಗೆಯೆದ್ದರು. ಎರಡು ವರ್ಷಗಳ ನಂತರ ಆ ಪ್ರದೇಶಕ್ಕೆ ನಗರದ ಸ್ಥಾನ ದೊರೆಯಿತು. ಅದೇ ನಗರದ ಸೀಮೆಯಲ್ಲಿ 1989ರಲ್ಲಿ ಘೋಷಿಸಿ ಕಟ್ಟಿದ ಬುಂಡಾಂಗ್ ಬಡಾವಣೆ ಇಂದು ಕೊರಿಯಾದ ಅನುಕೂಲಸ್ಥರ ನೆಲೆ. ಹೊರಹಾಕಿದವರ ಊರೂ ಹಣವಂತರ ಬಡಾವಣೆಯೂ ಒಂದೇ ನಗರದೊಳಗಿರುವ ಈ ಚಿತ್ರ ನಮಗೆ ಅಪರಿಚಿತವಲ್ಲ.

ಸಲ್ಲಿಸದೆ ಉಳಿದ ಋಣ

ನಮ್ಮ ನಗರ ಕುಡಿಯುವುದು ಮುಖ್ಯವಾಗಿ ಪವನಾ ಅಣೆಕಟ್ಟಿನ ನೀರನ್ನು. ಅಣೆಕಟ್ಟಿನಿಂದ ನದಿಯಲ್ಲಿ ಹರಿದುಬರುವ ನೀರನ್ನು ರಾವೇತದಲ್ಲಿ ಎತ್ತುವ ಬದಲು, ಮುಚ್ಚಿದ ಕೊಳವೆಯ ಮೂಲಕ ನೇರವಾಗಿ ತರುವ ಯೋಜನೆಯನ್ನು ಪಾಲಿಕೆ ಕೈಗೊಂಡಿತು. ನದಿ ಒಣಗಿದರೆ ತಮ್ಮ ಹೊಲಗಳ ಗತಿಯೇನೆಂದು ಮಾವಳದ ರೈತರು ಆತಂಕಗೊಂಡರು. 2011ರ ಆಗಸ್ಟ್ 9ರಂದು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಡೆದ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಪ್ರಾಣ ಕಳೆದುಕೊಂಡರು. ಯೋಜನೆಗೆ ತಡೆ ಬಿತ್ತು. 2023ರಲ್ಲಿ ಆ ತಡೆ ತೆರವಾಯಿತು. ಈ ನಡುವೆ 2019ರ ಕೊನೆಯಲ್ಲಿ ಆರಂಭವಾದ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ವರ್ಷಗಟ್ಟಲೆ ಮುಂದುವರಿಯಿತು. ನಲ್ಲಿಯಲ್ಲಿ ನೀರು ಬರದ ದಿನ ನಾವು ಪಾಲಿಕೆಯನ್ನು ಬೈಯುತ್ತೇವೆ. ಆ ನೀರಿಗಾಗಿ ಮೂರು ಜೀವಗಳು ಹೋದವೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ?

ನೆಲದ ಕಥೆಯೂ ಹೀಗೆಯೇ. ಪ್ರಾಧಿಕರಣಕ್ಕೆ ಹೊಲ ಬಿಟ್ಟುಕೊಟ್ಟ ಮೂಲ ರೈತರು ಅಭಿವೃದ್ಧಿಪಡಿಸಿದ ಭೂಮಿಯಲ್ಲಿ ಶೇ. 12.5ರಷ್ಟನ್ನಾದರೂ ಮರಳಿಸಿರೆಂದು ದಶಕಗಳ ಕಾಲ ಕಚೇರಿಗಳಿಗೆ ಅಲೆದರು. 2021ರಲ್ಲಿ ಪ್ರಾಧಿಕರಣವನ್ನೇ ಪುಣೆ ಮಹಾನಗರ ಪ್ರದೇಶ ವಿಕಾಸ ಪ್ರಾಧಿಕರಣದಲ್ಲಿ ವಿಲೀನಗೊಳಿಸಲಾಯಿತು. ಯೋಜಿತ ಬಡಾವಣೆಗಳು ಎಲ್ಲರಿಗೂ ಎಟುಕಲಿಲ್ಲವಾದ್ದರಿಂದ ಗುಂಟೆ ಲೆಕ್ಕದಲ್ಲಿ ಜಾಗ ಕೊಂಡು ಪರವಾನಗಿಯಿಲ್ಲದೆ ಮನೆ ಕಟ್ಟಿದವರ ಸಂಖ್ಯೆ ಬೆಳೆಯಿತು. 2025ರ ಮೇ ತಿಂಗಳಲ್ಲಿ ಚಿಖಲಿಯ ಇಂದ್ರಾಯಣಿ ತೀರದಲ್ಲಿ, ಪ್ರವಾಹದ ನೀಲಿ ರೇಖೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು ನ್ಯಾಯಾಲಯದ ಆದೇಶದ ಮೇರೆಗೆ ಕೆಡವಲಾಯಿತು. ನದಿಯ ಜಾಗವನ್ನು ನದಿಗೆ ಬಿಡಬೇಕೆಂಬ ತೀರ್ಪು ಸರಿಯಾದುದೇ. ಆದರೆ ಮಾರಿದವರು, ಕಟ್ಟುವಾಗ ಕಣ್ಣುಮುಚ್ಚಿ ಕುಳಿತವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಜೀವಮಾನದ ಉಳಿತಾಯ ಹಾಕಿ ಮನೆ ಕೊಳ್ಳುವ ಪ್ರತಿಯೊಂದು ಕುಟುಂಬಕ್ಕೂ ಇದು ಎಚ್ಚರಿಕೆ: ಕಾಗದಪತ್ರಗಳ ಜೊತೆಗೆ ನದಿಯ ರೇಖೆಯನ್ನೂ ನೋಡಬೇಕು.

ಇವೆಲ್ಲವನ್ನೂ ಕೇಳಬೇಕಾದವರು ನಾವು ಆರಿಸಿದ ಸದಸ್ಯರು. ಆದರೆ 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ 2026ರ ಜನವರಿಯ ಚುನಾವಣೆಯವರೆಗೆ, ಸುಮಾರು ನಾಲ್ಕು ವರ್ಷ, ಇಷ್ಟು ದೊಡ್ಡ ನಗರವನ್ನು ನಡೆಸಿದವರು ಆಡಳಿತಾಧಿಕಾರಿಗಳು. ಅದರ ವಿರುದ್ಧ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಮಾತೂ ಏಳಲಿಲ್ಲವೆಂಬುದು ಯೋಚಿಸಬೇಕಾದ ಸಂಗತಿ.

ಊರು ಎಂದರೆ ಯಾವುದು?

ಈಗ ಅದೇ ಕಥೆ ತಳೇಗಾಂವ, ಚಾಕಣಗಳಲ್ಲಿ ಮರುಕಳಿಸುತ್ತಿದೆ. ಅಲ್ಲಿಯೂ ಮೊದಲು ಬಂದದ್ದು ಕಾರ್ಖಾನೆ. ರಸ್ತೆ, ಚರಂಡಿ, ಶಾಲೆಗಳು ಹಿಂದೆ ಬಿದ್ದಿವೆ. ಚಾಕಣಕ್ಕೆ ಪ್ರತ್ಯೇಕ ಮಹಾನಗರಪಾಲಿಕೆ ಬೇಕೆಂಬ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಕೇಳಿಬಂತು. ಅದೇ ವರ್ಷದ ಜೂನ್ 15ರಂದು ತಳೇಗಾಂವದ ಹತ್ತಿರದ ಕುಂಡಮಳೆಯಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಕುಸಿದು ನಾಲ್ವರು ಅಸುನೀಗಿದರು. ಕಾರುಗಳನ್ನು ಜಗತ್ತಿಗೆ ಕಳಿಸುವ ತಾಲ್ಲೂಕಿನಲ್ಲಿ ಒಂದು ಕಾಲುಸೇತುವೆ ಸಕಾಲಕ್ಕೆ ಬದಲಾಗಲಿಲ್ಲ. ಪಿಂಪ್ರಿ-ಚಿಂಚವಡ ಕಲಿತ ಪಾಠ ಹತ್ತಿರದ ಊರಿಗೂ ಮುಟ್ಟಲಿಲ್ಲವೆಂದೇ ಇದರ ಅರ್ಥ.

ನಾವೇನು ಮಾಡಬಹುದು? ಆನ್ಸಾನ್‌ನ ವೊಂಗೋಕ್ ಬಡಾವಣೆಯಲ್ಲಿ ಹತ್ತಾರು ದೇಶಗಳಿಂದ ಬಂದ ಕಾರ್ಮಿಕರಿದ್ದಾರೆ. ಅವರ ಭಾಷೆಗಳಲ್ಲಿ ಸಲಹೆ ಕೊಡಲು ಅಲ್ಲಿನ ನಗರಾಡಳಿತ ಪ್ರತ್ಯೇಕ ಕಚೇರಿಯನ್ನೇ ನಡೆಸುತ್ತದೆ. ಅಷ್ಟು ದೊಡ್ಡ ಕೆಲಸ ಸಂಘಸಂಸ್ಥೆಗಳಿಂದ ಆಗದಿರಬಹುದು. ಆದರೆ ಚಿಖಲಿ, ಮೋಶಿ, ವಾಕಡಗಳ ಕಟ್ಟಡಗಳ ಬುಡದಲ್ಲಿ ಶೆಡ್ಡು ಹಾಕಿಕೊಂಡಿರುವ ಕಲಬುರ್ಗಿ, ಯಾದಗಿರಿಯ ಕುಟುಂಬಗಳಿಗೆ ಪಡಿತರ ಚೀಟಿಯ, ಕಾರ್ಮಿಕ ನೋಂದಣಿಯ, ಮಗುವಿನ ಶಾಲೆಯ ಅರ್ಜಿ ತುಂಬಿಕೊಡಲು ಮರಾಠಿ-ಕನ್ನಡ ಎರಡೂ ಬಲ್ಲ ನಿವೃತ್ತರು ನಮ್ಮಲ್ಲಿ ಎಷ್ಟು ಜನ ಬೇಕು? ತಿಂಗಳಿಗೊಂದು ಭಾನುವಾರ ಸಾಕು. ಪುಣೆ ಕನ್ನಡ ಸಂಘದ ಶಾಲೆ ಏರಂಡವಣೆಯ ಗಣೇಶನಗರದಲ್ಲಿದೆ. ನಿಗಡಿ, ಚಿಖಲಿಗಳ ಮಗು ದಿನವೂ ಅಲ್ಲಿಗೆ ಹೋಗಿಬರುವುದು ಸುಲಭವಲ್ಲ. ನಾವಿರುವಲ್ಲಿಯೇ ಏನಾದರೂ ಮಾಡಬೇಕಾದ ಕಾರಣ ಇದು. ರಾಜ್ಯೋತ್ಸವದ ವೇದಿಕೆಯಷ್ಟೇ ಇದೂ ಕನ್ನಡದ ಕೆಲಸ.

ಹಾಗೆಯೇ ವಾರ್ಡಿನ ಸಭೆಗೆ ಹೋಗುವುದು, ಪವನೆ-ಇಂದ್ರಾಯಣಿಗಳ ನೊರೆಯ ಬಗ್ಗೆ ನೆರೆಯ ಮರಾಠಿ ಬಾಂಧವರೊಡನೆ ಕೂಡಿ ದನಿಯೆತ್ತುವುದು, ನೀರಿನ ವಿಚಾರದಲ್ಲಿ ಮಾವಳದ ರೈತರ ಮಾತನ್ನೂ ಕೇಳುವುದು ನಮಗೆ ಹೊರತಾದ ಕೆಲಸಗಳಲ್ಲ. ನಮ್ಮ ಮಾತಿನಲ್ಲಿ 'ಊರಿಗೆ ಹೋಗಿಬರುತ್ತೇವೆ' ಎಂದರೆ ಧಾರವಾಡವೋ ಉಡುಪಿಯೋ ಎಂದೇ ಅರ್ಥ. ಆ ಪ್ರೀತಿ ಇರಲಿ. ಆದರೆ ದುಡಿದದ್ದು, ಮನೆ ಕಟ್ಟಿದ್ದು, ಮಕ್ಕಳ ಮದುವೆ ಮಾಡಿದ್ದು, ಹಿರಿಯರನ್ನು ಕಳಿಸಿಕೊಟ್ಟದ್ದು ಇಲ್ಲಿ. ಕಾರ್ಖಾನೆಗಳು ಲಾಭ ನೋಡಿ ಬರುತ್ತವೆ, ಲಾಭ ಕಾಣದಾದಾಗ ಹೋಗುತ್ತವೆ. ಅರ್ಧ ಶತಮಾನ ಇಲ್ಲಿ ಬಾಳಿದ ನಾವು ಹಾಗಲ್ಲ. ಈ ನಗರವನ್ನೂ ಊರೆಂದು ಕರೆದು, ಊರಿನವರಂತೆ ನಡೆದುಕೊಳ್ಳುವ ಕಾಲ ಬಂದಿದೆ.